ಕೀಲೆಣ್ಣೆಯೂ ಕಾಫಿಯ ಹೊಟ್ಟೂ

ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಯನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಮಿದಿದು, ಬಿದಿರ ಅಂಡೆಯಲ್ಲಿ ತುಂಬಿ ಗಾಡಿಯ ತಳಕ್ಕೆ ತೂಗುಬಿಡುತ್ತಿದ್ದ ಆ ಕರಿಯ ಲೇಪವು ನಡುಹಗಲಿನ ಬಿಸಿಲಿಗೆ ತೊಟ್ಟಿಕ್ಕಿದರೆ ನಿಷ್ಪ್ರಯೋಜಕವೆಂದೂ, ಮುಂಜಾವದ ಚಳಿಗೆ ಹೆಪ್ಪುಗಟ್ಟಿದರೆ ಚಕ್ರವು ಕಿರುಗುಟ್ಟುವುದೆಂದೂ ಗಾಡಿ ಹೊಡೆಯುವವನು ಯಾವ ಗ್ರಂಥದ ನೆರವೂ ಇಲ್ಲದೆ ಅರಿತಿದ್ದನು. ಚಕ್ರ ನಿಂತಾಗ ನಿಲ್ಲಬೇಕು, ತಿರುಗಿದಾಗ ಹರಿಯಬೇಕು. ಅವನು ಎಣ್ಣೆಗೆ ಒಡ್ಡುತ್ತಿದ್ದ ಪರೀಕ್ಷೆ ಇಷ್ಟೇ.

ಸ್ಪೇನ್ ದೇಶದ ದಕ್ಷಿಣದಲ್ಲಿರುವ ಉಯೆಲ್ವಾ ವಿಶ್ವವಿದ್ಯಾನಿಲಯದ ಸಂಶೋಧಕರು ಲಿಗ್ನಿನ್ ಮತ್ತು ಹರಳೆಣ್ಣೆಗಳಿಂದ ಜೆಲ್ ರೂಪದ ಗ್ರೀಸನ್ನು ನಿರ್ಮಿಸಲು ಹೊರಟಾಗ ಎದುರಿಸಿದ ಪ್ರಶ್ನೆಯೂ ಮೂಲತಃ ಇದೇ ಆಗಿದೆ. ಮರದ ನಾರುಗಳನ್ನು ಪರಸ್ಪರ ಬೆಸೆದು ಮರಕ್ಕೆ ದಾರ್ಢ್ಯವನ್ನು ನೀಡುವ ದ್ರವ್ಯವೇ ಲಿಗ್ನಿನ್. 1813ರಲ್ಲಿ ಡಿ ಕ್ಯಾಂಡೋಲ್ ಎಂಬ ಸ್ವಿಸ್ ಸಸ್ಯಶಾಸ್ತ್ರಜ್ಞನಿಂದ ಹೆಸರು ಪಡೆದ ಇದು ಒಣಮರದ ತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟಿದ್ದರೂ, ನಾರನ್ನಷ್ಟೇ ಬಯಸುವ ಕಾಗದದ ಗಿರಣಿಗಳು ಇದನ್ನು ಮರ ಬೇಯಿಸಿ ಉಳಿದ ಕರಿದ್ರಾವಣದೊಡನೆ ಬೇರ್ಪಡಿಸಿ ಬಹುತೇಕ ಬಾಯ್ಲರಿನ ಉರಿಗೇ ಒಪ್ಪಿಸುತ್ತ ಬಂದಿವೆ. ಅಂಗಡಿಯಲ್ಲಿ ಇಂದು ನಾವು ಕೊಳ್ಳುವ ಗ್ರೀಸಾದರೋ ಪ್ರಾಯಶಃ ಲಿಥಿಯಂ ಸಾಬೂನಿನಿಂದ ಬಿಗಿದ ಖನಿಜ ತೈಲ. ಆ ಸಾಬೂನಿಗೆ ಬೇಕಾದ ಕೊಬ್ಬಿನ ಆಮ್ಲವೂ ಹರಳೆಣ್ಣೆಯಿಂದಲೇ ಬರುತ್ತದೆಂಬುದು ಬಹುಮಂದಿಗೆ ತಿಳಿಯದು. ಕೀಲೆಣ್ಣೆಯ ವಂಶ ಪೂರ್ತಿ ಅಳಿದಿಲ್ಲವೆನ್ನೋಣ.

ಆದರೆ ಲಿಗ್ನಿನ್ನನ್ನು ಸುಮ್ಮನೆ ಎಣ್ಣೆಗೆ ಸುರಿದರೆ ಅದು ಕರಗದೆ ತಳ ಸೇರುತ್ತದೆ. ಅದರ ಅಣುವನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಹರಳೆಣ್ಣೆಯ ಹೈಡ್ರಾಕ್ಸಿಲ್ ಗುಂಪುಗಳೊಡನೆ ಬಂಧಿಸಿದಾಗ ಮಾತ್ರ ಎಣ್ಣೆಯನ್ನು ತನ್ನ ಕಣ್ಣುಗಳಲ್ಲಿ ಹಿಡಿದಿಡುವ ಸೂಕ್ಷ್ಮವಾದೊಂದು ಬಲೆ ಸಿದ್ಧವಾಗುತ್ತದೆ. ಆ ಬಲೆಯ ಬಿಗುವನ್ನು ಅಳೆಯುವ ವಿದ್ಯೆಗೆ 1920ರಲ್ಲಿ ಅಮೆರಿಕದ ಯೂಜೀನ್ ಬಿಂಗ್‌ಹ್ಯಾಮ್ ರಿಯಾಲಜಿ ಎಂದು ಹೆಸರಿಟ್ಟನು. ಮೆಲ್ಲನೆ ಅಲುಗಿಸಿದ ಜೆಲ್, ಕೊಟ್ಟ ಶಕ್ತಿಯಲ್ಲಿ ಎಷ್ಟನ್ನು ಸ್ಪ್ರಿಂಗಿನಂತೆ ಹಿಂದಿರುಗಿಸಿತು, ಎಷ್ಟನ್ನು ಜೇನಿನಂತೆ ನುಂಗಿತು ಎಂಬುದೇ ಇಲ್ಲಿಯ ಲೆಕ್ಕ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿರುವ ತನಕ ಅದು ಜೆಲ್. ತಿಕ್ಕುವ ಬಲ ಒಂದು ಹೊಸ್ತಿಲನ್ನು ದಾಟಿದೊಡನೆ ಬಲೆ ಸಡಿಲಗೊಂಡು ಹರಿಯತೊಡಗುತ್ತದೆ, ವೇಗ ಹೆಚ್ಚಿದಷ್ಟೂ ತೆಳುವಾಗುತ್ತದೆ, ಯಂತ್ರ ನಿಂತ ಮೇಲೆ ಮರಳಿ ಕೂಡಿಕೊಳ್ಳಬೇಕಾಗುತ್ತದೆ. ಕೂಡಿಕೊಳ್ಳದ ಜೆಲ್ ಎಷ್ಟೇ ಸಸ್ಯಜನ್ಯವಾದರೂ ಬೇರಿಂಗಿನಿಂದ ಸೋರಿಹೋಗುವುದು ನಿಶ್ಚಯ.

ಕೊಡಗಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಕಾಫಿಯ ಕುಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ತೋಟದ ಪಲ್ಪರ್ ಯಂತ್ರದ ಬಳಿ ಒಂದು ಗಳಿಗೆ ನಿಂತು ನೋಡಬೇಕು. ನೀರು, ಹಣ್ಣಿನ ಲೋಳೆ, ಸಿಪ್ಪೆ ಇವುಗಳ ನಡುವೆ ತಿರುಗುವ ಬೇರಿಂಗಿನಿಂದ ಹಿಂಡಿಬಂದ ಗ್ರೀಸು ತೊಳೆದ ನೀರಿನೊಡನೆ ಎಲ್ಲಿಗೆ ಹೋಗುವುದೆಂದು ಹೇಳಬೇಕಾಗಿಲ್ಲ. ತಲಕಾವೇರಿಯ ಈ ಜಿಲ್ಲೆಯ ತೋಡುಗಳಲ್ಲಿ ಬಹುಪಾಲು ಕೊನೆಗೆ ಕಾವೇರಿಯನ್ನೇ ಸೇರುತ್ತವೆ. ಮರ ಕೊಯ್ಯುವ ಯಂತ್ರಗರಗಸದ ಸರಪಳಿಗೆ ಹಾಕಿದ ಎಣ್ಣೆಯಂತೂ ಒಂದು ತೊಟ್ಟೂ ಹಿಂದಿರುಗದೆ ನೆಲಕ್ಕೇ ಬೀಳುತ್ತದೆ. ಲಾರಿಯ ಎಂಜಿನಿನ ಕಾವಿನಲ್ಲಿ ಈ ಜೆಲ್ ಖನಿಜ ತೈಲವನ್ನು ಸೋಲಿಸಲಿ ಎಂದು ನಾನು ನಿರೀಕ್ಷಿಸುವುದಿಲ್ಲ, ಆ ಆಸೆ ಅನಾವಶ್ಯಕವೂ ಹೌದು. ಕಳೆದುಹೋಗುವುದೇ ಯಾವ ಎಣ್ಣೆಯ ಹಣೆಬರಹವೋ ಅಲ್ಲಿ ಮಣ್ಣಿನಲ್ಲಿ ಕೊಳೆಯಬಲ್ಲ ವಸ್ತುವನ್ನು ಇಡುವುದು ವಿವೇಕವೆಂಬುದಷ್ಟೇ ನನ್ನ ವಾದ.

ಇಲ್ಲಿ ಉತ್ಸಾಹಿಗಳು ಕಾಫಿಯ ಹೊಟ್ಟಿನ ರಾಶಿಯನ್ನು ತೋರಿಸಿ, ಇದರಲ್ಲೂ ಲಿಗ್ನಿನ್ ಇದೆಯಲ್ಲ, ಕಾರ್ಖಾನೆಯೊಂದನ್ನು ಕಟ್ಟಿಬಿಡೋಣ ಎನ್ನುವುದುಂಟು. ಇದೆ, ನಿಜ. ಆದರೆ ಮರದ ಲಿಗ್ನಿನ್ನಿಗೂ ಹೊಟ್ಟಿನ ಲಿಗ್ನಿನ್ನಿಗೂ ರಚನೆ ಒಂದೇ ಅಲ್ಲ. ಬೇರ್ಪಡಿಸುವ ವಿಧಾನ ಬದಲಾದರೆ ಅದೇ ಹೊಟ್ಟಿನಿಂದ ಬೇರೆಯೇ ಜೆಲ್ ಹುಟ್ಟುತ್ತದೆ. ಅಷ್ಟೇ ಅಲ್ಲದೆ, ಬಲೆ ಹೆಣೆಯಲು ಪ್ರಯೋಗಶಾಲೆಗಳು ಬಳಸುವ ಐಸೊಸಯನೇಟ್, ಎಪಿಕ್ಲೋರೋಹೈಡ್ರಿನ್ ಮೊದಲಾದವು ಉಸಿರಿಗೂ ಚರ್ಮಕ್ಕೂ ಅಪಾಯಕಾರಿಯಾದುದರಿಂದ, ಡಬ್ಬಿಯ ಮೇಲಿನ ಹಸಿರು ಎಲೆಯ ಚಿತ್ರವನ್ನು ನೋಡಿ ಸಂತೃಪ್ತರಾಗುವುದು ತರವಲ್ಲ.

ಕಾರ್ಖಾನೆಗಿಂತ ಮೊದಲು ಬೇಕಾದುದು ಅಳತೆ. ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ, 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ ಹಿಟ್ಟು, ಕೊಬ್ಬುಗಳ ಹರಿವನ್ನು ಅಳೆದ ದೀರ್ಘ ಅನುಭವವಿದೆ. ಗ್ರೀಸಿನ ಸಾಮಾನ್ಯ ಪರೀಕ್ಷೆಗಂತೂ ದೊಡ್ಡ ಸಲಕರಣೆಯೂ ಬೇಡ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅರುವತ್ತು ಸಲ ಕುಟ್ಟಿ ಕಲಸಿದ ಗ್ರೀಸಿನೊಳಕ್ಕೆ ಲೋಹದ ಶಂಕು ಐದು ಸೆಕೆಂಡುಗಳಲ್ಲಿ 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು ಬೇರಿಂಗುಗಳಿಗೆ ಸಾಮಾನ್ಯವಾಗಿ ಬಳಸುವ, ಗಟ್ಟಿತನದಲ್ಲಿ ಎರಡನೆಯ ದರ್ಜೆಯದು. ಒಂದೇ ಪಲ್ಪರಿನ ಒಂದು ಬೇರಿಂಗಿಗೆ ಅಂಗಡಿಯ ಗ್ರೀಸನ್ನೂ ಇನ್ನೊಂದಕ್ಕೆ ಲಿಗ್ನಿನ್ ಜೆಲ್ಲನ್ನೂ ತುಂಬಿ, ಕುಯ್ಲು ಮುಗಿದು ಒಂದು ಮಳೆಗಾಲವೂ ಕಳೆದ ಮೇಲೆ ಎರಡನ್ನೂ ಹೊರತೆಗೆದು ಶಂಕುವಿನ ಕೆಳಗೆ ಇಡಲಿ. ಎಷ್ಟು ಉಳಿದಿದೆ, ಎಷ್ಟು ತೋಡು ಸೇರಿದೆ ಎಂಬುದನ್ನೂ ಆಗಲೇ ತೂಗಿ ಬರೆದಿಡಲಿ.