ಈ ಚಪ್ಪಾಳೆಗೆ ಬೆಲೆ ತೆರುವವರು ಯಾರು?

ಹೈದರಾಬಾದಿನ ಚಂದ್ರಾಯನಗುಟ್ಟ ಕ್ಷೇತ್ರದಿಂದ 1999ರಲ್ಲಿ ಆಯ್ಕೆಯಾದಾಗ ಮಜ್ಲಿಸ್ ಪಕ್ಷದ ಅಕ್ಬರುದ್ದೀನ್ ಉವೈಸಿಯವರಿಗೆ ಮೂವತ್ತು ತುಂಬಿರಲಿಲ್ಲ. 2023ರ ವರೆಗೂ ಅಲ್ಲಿ ಅವರು ಸೋಲು ಕಂಡಿಲ್ಲ. ಸದನದಲ್ಲಿ ಅಂಕಿಅಂಶಗಳನ್ನು ಮುಂದಿಟ್ಟು ಸರಕಾರವನ್ನು ನಿರುತ್ತರಗೊಳಿಸಬಲ್ಲ ವಾಗ್ಮಿ ಅವರು. 2011ರಲ್ಲಿ ಮಾರಣಾಂತಿಕ ದಾಳಿಯಿಂದ ಬದುಕುಳಿದರು. ಇದಾವುದನ್ನೂ ನಾವು ಅಲ್ಲಗಳೆಯುವುದಿಲ್ಲ.

ಆದರೆ 2012ರ ಡಿಸೆಂಬರ್‌ನಲ್ಲಿ ನಿರ್ಮಲ್ ಪಟ್ಟಣದ ಸಭೆಯಲ್ಲಿ ಅವರು ಮಾಡಿದ ಭಾಷಣವೆಂದು ದೇಶದಾದ್ಯಂತ ಹರಿದಾಡಿದ್ದೇನು? ಪೊಲೀಸರನ್ನು 15 ನಿಮಿಷ ಬದಿಗೆ ಸರಿಸಿ ನೋಡಿ ಎಂಬ ಸವಾಲು. ಹಿಂದೂಗಳ ಆರಾಧ್ಯರ ಗೇಲಿ. ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಪವಿತ್ರ ಕುರ್‌ಆನ್ (6:108) ಆದೇಶಿಸಿರುವಾಗ, ಅಂಥ ಮಾತಿಗೆ ಚಪ್ಪಾಳೆ ತಟ್ಟುವುದು ಯಾವ ಧರ್ಮಾಭಿಮಾನ?

2009ರಲ್ಲಿ ಪಿಲಿಭಿತ್‌ನ ಭಾಷಣಕ್ಕಾಗಿ ವರುಣ್ ಗಾಂಧಿಯವರ ವಿರುದ್ಧ ಮೊಕದ್ದಮೆ ದಾಖಲಾದಾಗ ನಾವು ನ್ಯಾಯ ಕೇಳಿದೆವು. 2013ರಲ್ಲಿ ಅವರು ಖುಲಾಸೆಯಾದಾಗ ವ್ಯವಸ್ಥೆಯನ್ನು ದೂರಿದೆವು. 2022ರಲ್ಲಿ ಅಕ್ಬರುದ್ದೀನ್ ಖುಲಾಸೆಯಾದಾಗ ನಮ್ಮವರೇ ಸಂಭ್ರಮಿಸಿದರು. ಇಂಥ ಮಾತು ಮರುಕಳಿಸಬಾರದೆಂದು ಅದೇ ನ್ಯಾಯಾಲಯ ಎಚ್ಚರಿಸಿದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ. ನಮ್ಮ ಕೈಯಲ್ಲಿರುವುದು ಒಂದು ತಕ್ಕಡಿಯೇ, ಎರಡೇ?

ಭಾಷಣ ಮುಗಿಸಿದ ನಾಯಕರಿಗೆ ಅಂಗರಕ್ಷಕರಿದ್ದಾರೆ. ಹಿಂದೂಗಳ ನಡುವೆ ಒಂಟಿಯಾಗಿ ಬದುಕುವ ಹಳ್ಳಿಯ ತರಕಾರಿ ವ್ಯಾಪಾರಿಗೆ, ಹಾಸ್ಟೆಲಿನ ವಿದ್ಯಾರ್ಥಿಗೆ ಯಾರಿದ್ದಾರೆ? ಆ 15 ನಿಮಿಷಗಳ ಲೆಕ್ಕವನ್ನು ಇಂದಿಗೂ ಒಪ್ಪಿಸುತ್ತಿರುವವರು ಅವರೇ. ದ್ವೇಷದ ರಾಜಕಾರಣಕ್ಕೆ ಬೇಕಾದ ಅಸ್ತ್ರವನ್ನು ನಮ್ಮ ನಾಯಕರೇ ಒದಗಿಸಬೇಕೇ?

ವಿದ್ಯಾರ್ಥಿವೇತನ, ಶಾಲೆ, ಉದ್ಯೋಗದ ಬಗ್ಗೆ ಸದನದಲ್ಲಿ ಕೇಳಿದ ಒಂದು ಪ್ರಶ್ನೆ ಮೈದಾನದ ನೂರು ಗರ್ಜನೆಗಳಿಗಿಂತ ಮೇಲು. ಯಾವುದಕ್ಕೆ ಚಪ್ಪಾಳೆ ತಟ್ಟಬೇಕೆಂದು ಸಮುದಾಯ ಕಲಿಯಲಿ. ನಾಯಕರು ತಾವಾಗಿಯೇ ತಿದ್ದಿಕೊಳ್ಳುತ್ತಾರೆ.