ಅಂಗೈಯಗಲದ ಟಾರ್ಪಾಲು ಬಿರುಮಳೆಗೆ ಆಗಿಬರುವುದಿಲ್ಲ



ಯುವಶಿಬಿರಕ್ಕೆ ಇನ್ನೂ ದಿನ ಗೊತ್ತಾಗಿಲ್ಲ, ಆಗಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಟಾರ್ಪಾಲಿನ ಚಿತ್ರಗಳು ಓಡಾಡುತ್ತಿವೆ. ಪ್ರತಿ ಚಿತ್ರದ ಕೆಳಗೂ ಒಂದೇ ಪ್ರಶ್ನೆ: "ಎಷ್ಟು ಗ್ರಾಂ?" ಎಷ್ಟು ಅಗಲ ಎಂದು ಕೇಳಿದವರನ್ನು ನಾವು ಕಾಣೆವು. ಈ ಲೆಕ್ಕ ತಲೆಕೆಳಗಾಗಿದೆ. ಬಿರುಮಳೆಯಲ್ಲಿ ಹ್ಯಾಮಕ್ ಮೇಲೆ ಕಟ್ಟುವ ಟಾರ್ಪಾಲಿಗೆ ಮೊದಲು ನೋಡಬೇಕಾದದ್ದು ಅಳತೆ, ಆಮೇಲೆ ಆಕಾರ, ಆಮೇಲೆ ಕಟ್ಟುವ ರೀತಿ. ಬಟ್ಟೆ ಯಾವುದು ಎಂಬುದು ನಾಲ್ಕನೆಯದು. ತೂಕ ಕೊನೆಯದು.

ಗ್ರಾಂ ಲೆಕ್ಕ ಹಾಕುವುದು ತಪ್ಪೆಂದು ನಾವು ಹೇಳುತ್ತಿಲ್ಲ. ವಾರಗಟ್ಟಲೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಅದು ಸರಿಯಾದ ಲೆಕ್ಕವೇ. ನಮ್ಮ ಶಿಬಿರ ಹಾಗಲ್ಲ. ವಯನಾಡಿನಲ್ಲಾಗಲಿ ನೀಲಗಿರಿಯಲ್ಲಾಗಲಿ ಜೀಪು ತೋಟದ ಗೇಟಿನವರೆಗೆ ಹೋಗುತ್ತದೆ, ಆಮೇಲೆ ಒಂದು ಕಿಲೋಮೀಟರ್ ನಡಿಗೆ. ಅಷ್ಟಕ್ಕೆ ಅರ್ಧ ಕಿಲೋ ಉಳಿಸಲು ಹೋಗಿ ರಾತ್ರಿಯಿಡೀ ನೆನೆಯುವುದು ಯಾವ ಜಾಣತನ? ಅದೂ ನಮಗೆ ರಜೆ ಸಿಗುವುದೇ ಮಳೆಯಲ್ಲಿ. ಓಣಂ ರಜೆ ಬರುವಾಗ ಮುಂಗಾರು ಮುಗಿದಿರುವುದಿಲ್ಲ. ತಮಿಳುನಾಡಿನ ಶಾಲೆಗಳ ಕಾಲುವರ್ಷದ ರಜೆ ಮುಗಿಯುವಷ್ಟರಲ್ಲಿ ಕೂನೂರು, ಕೋತಗಿರಿ ಕಡೆಗೆ ಹಿಂಗಾರು ಹತ್ತಿರ ಬಂದಿರುತ್ತದೆ.

ಮಳೆ ನೆಟ್ಟಗೆ ಬೀಳುವುದಿಲ್ಲ

"ತಲೆಯ ಮೇಲೆ ಒಂದು ಹಾಳೆ ಇದ್ದರೆ ಸಾಕಲ್ಲ?" ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ಎರಡು ಮಿಲಿಮೀಟರ್ ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಗಾಳಿ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಬೀಸಿದರೆ ಆ ಹನಿ ಒಂದಡಿ ಇಳಿಯುವಷ್ಟರಲ್ಲಿ ಒಂದೂವರೆ ಅಡಿ ಪಕ್ಕಕ್ಕೆ ಹೋಗಿರುತ್ತದೆ. ಟಾರ್ಪಾಲಿನ ಅಂಚು ನಿಮ್ಮ ಹ್ಯಾಮಕ್‌ಗಿಂತ ಎರಡಡಿ ಮೇಲಿದ್ದರೆ ಮಳೆ ಮೂರಡಿ ಒಳಗೆ ನುಗ್ಗುತ್ತದೆ. ಬಿರುಗಾಳಿಯಲ್ಲಿ ಟಾರ್ಪಾಲು ಚಾವಣಿ ಮಾತ್ರವಲ್ಲ, ಗೋಡೆಯೂ ಹೌದು. ಗೋಡೆಗೆ ಅಗಲ ಬೇಕು.

ಈಗ ಆಕಾರಕ್ಕೆ ಬನ್ನಿ. ಎಲ್ಲರ ಮೆಚ್ಚಿನ ಹಗುರ ಟಾರ್ಪಾಲು ಎಂದರೆ 8 ಅಡಿಗೆ 8 ಅಡಿಯ ಚೌಕ, ಮೂಲೆಯಿಂದ ಮೂಲೆಗೆ ಕಟ್ಟುವಂಥದ್ದು. ಮೂಲೆಯಿಂದ ಮೂಲೆಗೆ ಅದು 11 ಅಡಿಗಿಂತ ಸ್ವಲ್ಪ ಹೆಚ್ಚು ಉದ್ದವಿದೆ, ನಿಜ. 11 ಅಡಿ ಬಟ್ಟೆಯ ಹ್ಯಾಮಕ್ ಕಟ್ಟಿದಾಗ ತುದಿಯಿಂದ ತುದಿಗೆ ಸುಮಾರು 9 ಅಡಿ ಆಗುತ್ತದೆ, ಆದ್ದರಿಂದ ಉದ್ದ ಸಾಕಾದಂತೆ ಕಾಣುತ್ತದೆ. ಮೋಸ ಇರುವುದು ಅಗಲದಲ್ಲಿ. ನಡುವಿನಲ್ಲಿ ಒಂದೊಂದು ಬದಿಗೆ ಐದೂವರೆ ಅಡಿ ಇಳಿಯುವ ಈ ಹಾಳೆ ತುದಿಗೆ ಹೋಗುತ್ತಾ ಕಿರಿದಾಗಿ, ಹ್ಯಾಮಕ್‌ನ ತುದಿ ಬರುವಲ್ಲಿ ಬದಿಗೆ ಒಂದಡಿ ಚಿಲ್ಲರೆ ಮಾತ್ರ ಉಳಿಯುತ್ತದೆ. ಸೊಂಟ ಬೆಚ್ಚಗೆ, ತಲೆ ಮತ್ತು ಪಾದ ಮಳೆಗೆ! 12 ಅಡಿ ಉದ್ದ, 10 ಅಡಿ ಅಗಲದ ಆಯತವಾದರೆ ಉದ್ದಕ್ಕೂ ಬದಿಗೆ ಐದೈದು ಅಡಿ ಇಳಿಯುತ್ತದೆ, ಎರಡೂ ತುದಿಯಲ್ಲಿ ಒಂದೂವರೆ ಅಡಿ ಮಿಗುತ್ತದೆ. ತುದಿಗಳನ್ನು ಮಡಚಿ ಮುಚ್ಚುವ ಬಾಗಿಲು ಇದ್ದರೆ ಇನ್ನೂ ಒಳ್ಳೆಯದು. ಮರಗಳ ನಡುವೆ 14–15 ಅಡಿ ಅಂತರ ಇರಲಿ, ಅಷ್ಟೇ.

ಇದು ಹೊಸ ಬುದ್ಧಿಯೇನಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದ ನಮ್ಮ ಅಜ್ಜಿಯರ ಗೊರಬು ತಲೆಯಿಂದ ಸೊಂಟದ ಕೆಳಗಿನವರೆಗೆ ಬರುತ್ತಿತ್ತು. ಬಗ್ಗಿದ ಬೆನ್ನಿನ ಅಳತೆ ನೋಡಿ ಅದನ್ನು ಹೆಣೆಯುತ್ತಿದ್ದರೇ ಹೊರತು ಅದು ಎಷ್ಟು ಹಗುರ ಎಂದು ತೂಗಿ ಅಲ್ಲ. ಮಲಗಿದ ಮೈಗೂ ಅದೇ ನ್ಯಾಯ.

ದುಬಾರಿ ಬಟ್ಟೆಯೇ ಬೇಕೆ?

ಬೇಡ. ಅಂಗಡಿಯಲ್ಲಿ ಸಿಗುವ ಸಾದಾ ಪ್ಲಾಸ್ಟಿಕ್ ಟಾರ್ಪಾಲನ್ನು ಕಂಡು ಮೂಗು ಮುರಿಯುವವರ ಜೊತೆ ನಾವಿಲ್ಲ. 120 ಜಿಎಸ್‌ಎಂನ 12x10 ಅಡಿ ಹಾಳೆ ಸುಮಾರು 1.3 ಕಿಲೋ ತೂಗುತ್ತದೆ. ದುಬಾರಿಯ ಪುಟ್ಟ ಹಾಳೆಗಿಂತ ಅಗ್ಗದ ದೊಡ್ಡ ಹಾಳೆ ಮೇಲು. ಅದರ ದೌರ್ಬಲ್ಯ ಅಂಚಿನ ಕಣ್ಣುಗಳಲ್ಲಿದೆ, ಗಾಳಿಗೆ ಅವೇ ಮೊದಲು ಕಿತ್ತುಬರುತ್ತವೆ. ನಯವಾದ ಒಂದು ಗುಂಡುಕಲ್ಲನ್ನು ಹಾಳೆಯೊಳಗಿಟ್ಟು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ಆ ಚಿಂತೆಯೂ ಇಲ್ಲ.

ಹಗುರ ಬಟ್ಟೆಯನ್ನೇ ಕೊಳ್ಳುವವರು ಇಷ್ಟು ನೆನಪಿಡಿ. ನೈಲಾನ್ ನೆನೆದರೆ ಹಿಗ್ಗಿ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಒಳಗೆ ಪಿಯು ಲೇಪ ಇರುವುದನ್ನು ಒದ್ದೆಯಾಗಿಯೇ ಮಡಚಿಟ್ಟರೆ ಕಾಲಕ್ರಮೇಣ ಲೇಪ ಅಂಟಂಟಾಗಿ ಸುಲಿದು ಹೋಗುತ್ತದೆ.

ಕಟ್ಟುವುದೂ ಆರಿಸುವುದರ ಭಾಗವೇ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಳೆಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನಾಲ್ಕು ಮೂಲೆಗೆ ಮಾತ್ರ ಹಗ್ಗವಿರುವ ಟಾರ್ಪಾಲು ಸಾಲದು, ಎರಡೂ ಬದಿಯ ನಡುವಿನಲ್ಲೂ ಕಟ್ಟಲು ಜಾಗ ಇರಬೇಕು. ಗಾಳಿ ಬೀಸುವ ಕಡೆ ಅಂಚನ್ನು ನೆಲದ ಹತ್ತಿರಕ್ಕೆ ಇಳಿಸಿ. ಗೂಟವನ್ನು ಓರೆಯಾಗಿ ಹೊಡೆದು, ಮಣ್ಣು ಮೆತ್ತಗಿದ್ದರೆ ಮೇಲೆ ಕಲ್ಲು ಹೇರಿ. ಹಾಳೆಯನ್ನು ಕಡಿದಾದ ಇಳಿಜಾರಿನಲ್ಲಿ ಕಟ್ಟಿ. ಚಪ್ಪಟೆಯಾಗಿ ಕಟ್ಟಿದರೆ, ಗಂಟೆಗೆ 50 ಮಿ.ಮೀ. ಮಳೆಯಲ್ಲಿ 12x10 ಅಡಿ ಹಾಳೆಯ ಮೇಲೆ ಬೀಳುವ ನೀರು ಸುಮಾರು 550 ಲೀಟರ್. ಅದರಲ್ಲಿ ಸ್ವಲ್ಪವೇ ನಿಂತರೂ ಹಗ್ಗ ತಡೆಯುವುದಿಲ್ಲ. ಹ್ಯಾಮಕ್‌ನ ಎರಡೂ ಪಟ್ಟಿಗಳಿಗೆ, ಟಾರ್ಪಾಲಿನ ಕೆಳಗೇ, ಒಂದೊಂದು ದಾರ ಕಟ್ಟಿ ಇಳಿಬಿಡಿ. ಮರದಿಂದ ಪಟ್ಟಿಗುಂಟ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಹಾಸಿಗೆಗೆ ಬರುವುದಿಲ್ಲ.

"ಸ್ವಲ್ಪ ನೆನೆದರೆ ಏನಾಯಿತು?"

ಈ ಮಾತು ಹಿರಿಯರಿಂದ ಬರುತ್ತದೆ. ನೆನೆದರೆ ಮಕ್ಕಳು ಗಟ್ಟಿಯಾಗುತ್ತಾರಂತೆ. ಹಗಲು ನೆನೆದು ಓಡಾಡುವುದು ಬೇರೆ, ರಾತ್ರಿ ನೆನೆದು ಅಲುಗಾಡದೆ ಮಲಗುವುದು ಬೇರೆ. ಊಟಿ ಇರುವುದು 2,200 ಮೀಟರ್‌ಗಿಂತ ಎತ್ತರದಲ್ಲಿ. ಹ್ಯಾಮಕ್‌ನಲ್ಲಿ ಬೆನ್ನ ಕೆಳಗೂ ಗಾಳಿ ಬೀಸುತ್ತದೆ, ಆದ್ದರಿಂದ ಕೆಳಗೆ ಫೋಮ್ ಹಾಸು ಬೇಕೇ ಬೇಕು. ಒದ್ದೆ ಬಟ್ಟೆಯಲ್ಲಿ ಮೈ ಬಿಸಿ ಬೇಗ ಹೋಗುತ್ತದೆ. ಮೊದಲು ನಡುಕ, ಆಮೇಲೆ ತೊದಲು ಮಾತು, ಮಂಕು. ಎಂಟನೇ ತರಗತಿಯ ಹುಡುಗ ನಾಚಿಕೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ. ಇದನ್ನು ಶಿಸ್ತು ಎಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ದೊಡ್ಡ ಟಾರ್ಪಾಲು ಇದೆಯೆಂಬ ಧೈರ್ಯದಲ್ಲಿ ಎಲ್ಲಿಗಾದರೂ ಹೊರಡುವವರಿಗೂ ನಮ್ಮ ವಿರೋಧವಿದೆ. ಹ್ಯಾಮಕ್ ಕಟ್ಟುವುದು ಮರಕ್ಕೆ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಸುಲಭವಾಗಿ ಮುರಿಯುತ್ತದೆ. ಒಣಕೊಂಬೆ ಕೆಳಗೆ, ಹಳ್ಳದ ಪಾತ್ರದಲ್ಲಿ, ಗುಡ್ಡದ ನೆತ್ತಿಯಲ್ಲಿ ಕಟ್ಟಬೇಡಿ. ಗುಡುಗು ಕೇಳಿದರೆ ಮರದ ಕೆಳಗಿರುವುದೇ ಅಪಾಯ. ಎದ್ದು ಕಟ್ಟಡಕ್ಕೋ ಜೀಪಿನೊಳಕ್ಕೋ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಂದರೆ ದಿನಕ್ಕೆ 204 ಮಿ.ಮೀ. ಮೀರುವ ಮಳೆ ನಿರೀಕ್ಷೆಯಿದ್ದರೆ, ಶಿಬಿರವೇ ಬೇಡ. 2019ರ ಆಗಸ್ಟ್‌ನಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ. ಮೀರಿ ಮಳೆ ಬಿತ್ತು. ಅದೇ ವಾರ ವಯನಾಡಿನ ಪುತ್ತುಮಲೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಏನಾಯಿತೆಂದು ನಿಮಗೆ ನಾವು ಹೇಳಬೇಕಿಲ್ಲ. ಟಾರ್ಪಾಲು ಮಳೆ ತಡೆಯುತ್ತದೆ, ಗುಡ್ಡವನ್ನಲ್ಲ.

ಯಾರ ಮಗುವಿಗೆ ಯಾವ ಹಾಳೆ?

ಕೊನೆಯದಾಗಿ, ನಮ್ಮನ್ನು ಹೆಚ್ಚು ಚುಚ್ಚುವ ಮಾತು. "ಟಾರ್ಪಾಲು ಅವರವರೇ ತರಬೇಕು" ಎಂದು ಸೂಚನೆ ಹೊರಡಿಸಿದರೆ ಏನಾಗುತ್ತದೆ? ಗಲ್ಫ್‌ನಲ್ಲಿ ಅಪ್ಪ ಇರುವ ಹುಡುಗ ಬಾಗಿಲಿರುವ ಟಾರ್ಪಾಲು ತರುತ್ತಾನೆ. ತೋಟದ ಲೈನ್‌ಮನೆಯ ಹುಡುಗ ಸೌದೆ ಮುಚ್ಚಿದ್ದ ಹರಕು ಹಾಳೆ ತರುತ್ತಾನೆ, ಇಲ್ಲವೇ ಜ್ವರವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾನೆ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಮಕ್ಕಳು ಮಳೆ ಬಂದಾಗ ಮನೆಯ ಸ್ಥಿತಿಗೆ ತಕ್ಕಂತೆ ನೆನೆಯುವುದು ನ್ಯಾಯವೇ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಶಿಬಿರದ ಶುಲ್ಕದಿಂದ ಬ್ಯಾನರು, ಟೀ ಶರ್ಟಿಗೆ ತೆಗೆದಿಡುವ ಹಣವನ್ನು ಈ ಬಾರಿ ಟಾರ್ಪಾಲಿಗೆ ಕೊಡಿ. ಎಲ್ಲರಿಗೂ ಒಂದೇ ಅಳತೆ, 12x10 ಅಡಿ. ಅವು ಧರ್ಮಕೇಂದ್ರದ ಆಸ್ತಿಯಾಗಿರಲಿ, ಒಣಗಿಸಿ ಮಡಚಿಡುವ ಹೊಣೆ ಯುವಕೂಟದ್ದು. ಶಿಬಿರಕ್ಕೆ ಮುಂಚಿನ ಭಾನುವಾರ ಪೂಜೆಯ ನಂತರ ಚರ್ಚ್ ಅಂಗಳದಲ್ಲಿ ಪ್ರತಿಯೊಬ್ಬರೂ ಕಟ್ಟಿ ತೋರಿಸಲಿ, ಕೊಳವೆಯಿಂದ ಓರೆಯಾಗಿ ನೀರು ಹೊಡೆದು ನೋಡೋಣ. ಹ್ಯಾಮಕ್‌ನ ತಲೆ ಕಡೆಯಾಗಲಿ ಕಾಲ ಕಡೆಯಾಗಲಿ ನೆನೆದರೆ ಬಿಚ್ಚಿ ಮತ್ತೆ ಕಟ್ಟಲಿ. ಸರಿಯಾಗುವವರೆಗೆ ಯಾರೂ ಜೀಪು ಹತ್ತುವುದು ಬೇಡ, ನಾಯಕರೂ ಅಷ್ಟೇ.

ಒಪ್ಪದವರು ಮುಂದಿನ ಯುವಕೂಟದ ಸಭೆಗೆ ಬನ್ನಿ. ಬರುವಾಗ ನಿಮ್ಮ ಹಗುರ ಟಾರ್ಪಾಲನ್ನೂ ತನ್ನಿ. ಅಳತೆಪಟ್ಟಿ ನಾವು ತರುತ್ತೇವೆ.