ಕಡ್ಡಿ ಹಿಡಿಯಲು ನಾಚಿಕೆ ಬೇಡ, ಕೈಯಲ್ಲಿ ಉಣ್ಣಲೂ ಬೇಡ

ಮಲ್ಲಂದೂರು, ಮುತ್ತೋಡಿ ಕಡೆಯ ಹೋಮ್‌ಸ್ಟೇಗೆ ಬಂದ ವಿದೇಶಿಯರು ಕಡುಬು, ಕೋಳಿ ಸಾರನ್ನು ಕೈಯಲ್ಲೇ ತಿನ್ನಲು ಹೊರಟರೆ ನಮಗೆ ಖುಷಿ. ಸಾರು ಮೊಣಕೈವರೆಗೆ ಇಳಿದರೂ 'ಪಾಪ, ಕಲೀತಿದ್ದಾರೆ' ಅನ್ನುತ್ತೇವೆ. ಅದೇ ನಮ್ಮ ಹುಡುಗರು ಬೈಲಕುಪ್ಪೆಗೆ ಟ್ರಿಪ್ ಹೋಗಿ, ತುಕ್ಪಾ ಬಟ್ಟಲಿನ ಜೊತೆ ಎರಡು ಕಡ್ಡಿ ಕಂಡರೆ ತಕ್ಷಣ ಚಮಚ ಕೇಳುತ್ತಾರೆ. ಬಿದ್ದರೆ ಜನ ನಗುತ್ತಾರೆ ಎಂಬ ಭಯ.

1960ರಿಂದ ಟಿಬೆಟಿಯನ್ನರು ಬೈಲಕುಪ್ಪೆಯಲ್ಲಿ ನೆಲೆಸಿದ್ದಾರೆ. ಮುಂಡಗೋಡದಲ್ಲೂ ಅವರ ಊರುಗಳಿವೆ. ಅಂದರೆ ಕಡ್ಡಿ ಊಟ ನೋಡಲು ಚೀನಾ, ಜಪಾನ್‌ಗೆ ಹೋಗಬೇಕಿಲ್ಲ. ಅವರಾದರೂ ಎಲ್ಲವನ್ನೂ ಕಡ್ಡಿಯಲ್ಲಿ ತಿನ್ನುವುದಿಲ್ಲ. ನೂಡಲ್ಸ್‌ಗೆ ಕಡ್ಡಿ, ಹುರಿದ ಬಾರ್ಲಿ ಹಿಟ್ಟಿನ ತ್ಸಂಪಾ ಕಲಸುವುದು ಕೈಯಲ್ಲೇ. ಜಪಾನಿನಲ್ಲೂ ಸುಶಿಯನ್ನು ಕೈಯಲ್ಲಿ ತಿನ್ನುವುದು ತಪ್ಪಲ್ಲ.

ಊಟ ಹೇಗಿದೆಯೋ ಹಾಗೆ ಅದರ ಸಾಧನ. ಅವರ ಅಕ್ಕಿ ಬೆಂದರೆ ಅಂಟಿಕೊಂಡು ಮುದ್ದೆಯಾಗುತ್ತದೆ, ಕಡ್ಡಿಗೆ ಸಿಗುತ್ತದೆ. ತರಕಾರಿ, ಮಾಂಸವನ್ನು ಅಡುಗೆ ಮನೆಯಲ್ಲೇ ಸಣ್ಣಗೆ ಹೆಚ್ಚಿರುತ್ತಾರೆ. ನಮ್ಮದು ಉದುರು ಅನ್ನ, ಮೇಲೆ ಸಾರು. ಅದನ್ನು ಕಲಸಲು ಬೆರಳೇ ಸರಿ.

ಕಲಿಯುವುದು ಕಷ್ಟವಲ್ಲ. ಕೆಳಗಿನ ಕಡ್ಡಿ ಹೆಬ್ಬೆರಳಿನ ಬುಡದಲ್ಲೂ ಉಂಗುರ ಬೆರಳಿನ ಮೇಲೂ ಕೂರಬೇಕು, ಅಲುಗಬಾರದು. ಮೇಲಿನದನ್ನು ಪೆನ್ನಿನಂತೆ ಹಿಡಿದು ಅದೊಂದನ್ನೇ ಆಡಿಸಬೇಕು. ಮೊದಲು ಸೌತೆಕಾಯಿ ಹೋಳು, ಆಮೇಲೆ ಕಡಲೆಬೀಜ ಎತ್ತಿ ನೋಡಿ. ಕಡ್ಡಿಗೂ ಮರ್ಯಾದೆ ಇದೆ: ಜಪಾನ್, ಚೀನಾಗಳಲ್ಲಿ ಅನ್ನದ ಮೇಲೆ ಅದನ್ನು ನೆಟ್ಟಗೆ ಚುಚ್ಚಬಾರದು, ಸತ್ತವರಿಗೆ ಎಡೆ ಇಟ್ಟಂತೆ ಕಾಣುತ್ತದೆ. ನಾವು ಎಡಗೈಯಲ್ಲಿ ಉಣ್ಣಬೇಡ ಎಂದು ಮಕ್ಕಳಿಗೆ ಹೇಳುವುದಿಲ್ಲವೇ, ಹಾಗೆ.

ನಮ್ಮ ಚಿಂತೆ ಬೇರೆ ಇದೆ. ಕಡ್ಡಿಗೆ ಹೆದರುವ ಹುಡುಗನೇ ಪೇಟೆಯ ದೊಡ್ಡ ಹೋಟೆಲ್‌ನಲ್ಲಿ ಕೈಯಲ್ಲಿ ಉಣ್ಣಲೂ ನಾಚುತ್ತಾನೆ. ಅಕ್ಕಪಕ್ಕದವರನ್ನು ನೋಡಿ, ಬಾರದ ಫೋರ್ಕ್ ಹಿಡಿದು ಅರೆಹೊಟ್ಟೆಯಲ್ಲಿ ಏಳುತ್ತಾನೆ. ಎರಡೂ ಕಡೆ ಅವನನ್ನು ಕಾಡುವುದು ಒಂದೇ: ನೋಡುವವರ ಕಣ್ಣು.

ಹೋಮ್‌ಸ್ಟೇ ನಡೆಸುವವರಲ್ಲಿ ನಮ್ಮದೊಂದು ಮಾತು. ಚಮಚ ಇಡಿ, ಬೇಡವೆನ್ನುವುದಿಲ್ಲ. ಜೊತೆಗೆ ಕೈ ತೊಳೆಯಲು ನೀರು ತೋರಿಸಿ, ಕಡುಬು ಮುರಿದು ಸಾರಿನಲ್ಲಿ ಅದ್ದುವುದನ್ನು ನೀವೇ ಕಲಿಸಿ. ನಿಮ್ಮ ಮಕ್ಕಳೂ ಅದನ್ನು ನೋಡಲಿ. ತಮ್ಮ ಊಟವನ್ನು ಹೆಮ್ಮೆಯಿಂದ ಕಲಿಸಬಲ್ಲ ಮಕ್ಕಳು ಬೇರೆಯವರ ಊಟವನ್ನೂ ನಾಚದೆ ಕಲಿಯುತ್ತಾರೆ.